ಹೆಲ್ಮೆಟ್ ಬೈಕಲ್ಲೇ ಬಿಟ್ಟು ಹೋಗೋದಾದ್ರೆ

ಪುಟ್ಟಿ, ನಿನ್ನ ಮೆಸೇಜ್ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಇದು ಮುಗಿಯಲ್ಲ, ಮಾತಾಡೇ ಹೇಳ್ತೀನಿ. ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳು. ಗ್ರೂಪಲ್ಲಿ ಗಾಡಿ ಓಡಿಸೋ ಮಿಕ್ಕೋರೂ ಕೇಳಿ. ನಿನ್ನ ಪ್ರಶ್ನೆ ಏನು ಅಂದ್ರೆ, ಫುಲ್ ಫೇಸ್ ಹೆಲ್ಮೆಟ್ ಹೊತ್ಕೊಂಡು ಕ್ಲಾಸ್‌ಗೆಲ್ಲಾ ಓಡಾಡೋದು ಕಷ್ಟ, ಬೈಕಲ್ಲೇ ಬಿಡೋಣ ಅಂದ್ರೆ ನಿನ್ನ ಫ್ರೆಂಡ್ ಹೆಲ್ಮೆಟ್ ಸ್ಟ್ರಾಪನ್ನ ಯಾರೋ ಅರ್ಧ ಕುಯ್ದು ಬಿಟ್ಟು ಹೋಗಿದ್ದಾರೆ, ಹಾಗಾದ್ರೆ ಹೇಗೆ ಲಾಕ್ ಮಾಡ್ಲಿ ಅಂತ. ಅದಕ್ಕೆ ಭಾವ, ಮಿರರ್‌ಗೆ ಸಿಕ್ಕಿಸಿ ಹೋಗು, ಏನಾಗಲ್ಲ ಅಂದ್ರು. ಚಿಕ್ಕಮ್ಮ, ಕುಯ್ದಿರೋ ಸ್ಟ್ರಾಪ್ ಹೊಲಿಸಿದ್ರಾಯ್ತು ಅಂದ್ರು. ಬೇಜಾರ್ ಮಾಡ್ಕೋಬೇಡಿ, ಈ ಎರಡೂ ಮಾತನ್ನ ನಾನು ಒಪ್ಪಲ್ಲ. ಹೆಲ್ಮೆಟ್ ಕಳುವಾಗದೇ ಉಳಿದ್ರೆ ಸಾಲದು, ಸಾಯಂಕಾಲ ತಿರುಗಾ ತಲೆಗೆ ಏರಿಸಿದಾಗ ಅದು ಬೆಳಗ್ಗೆ ಇದ್ದಷ್ಟೇ ಗಟ್ಟಿಯಾಗಿರ್ಬೇಕು.

ಮೊದ್ಲು ಮಿರರ್ ವಿಷಯ ಮುಗಿಸ್ಬಿಡ್ತೀನಿ. ಹೆಲ್ಮೆಟ್ ಒಳಗೆ ಮೆತ್ತನೆ ಪ್ಯಾಡ್ ಇದೆಯಲ್ಲ, ಅದನ್ನ ಸ್ವಲ್ಪ ಸರಿಸಿ ಬೆರಳಿಂದ ಮುಟ್ಟಿ ನೋಡು. ಗಟ್ಟಿಯಾಗಿ ಇನ್ನೊಂದು ಪದರ ಸಿಗುತ್ತೆ. ಅದು ಇಪಿಎಸ್, ನಾವೆಲ್ಲ ಥರ್ಮಾಕೋಲ್ ಅಂತೀವಲ್ಲ, ಅದೇ ಪಾಲಿಸ್ಟೈರೀನ್. ತಲೆ ನೆಲಕ್ಕೆ ಬಡಿದಾಗ ಈ ಪದರ ತಾನು ಕುಸಿದು ಏಟನ್ನ ತಗೊಳ್ಳುತ್ತೆ. ಒಂದ್ಸಲ ಕುಸಿದ ಜಾಗ ಮತ್ತೆ ಮೊದಲಿನ ಹಾಗೆ ಉಬ್ಬಲ್ಲ. ಮಿರರ್ ಮೇಲೆ ಕವುಚಿ ಹಾಕಿದಾಗ ಹೆಲ್ಮೆಟ್ ಭಾರ ಪೂರ್ತಿ, ಸುಮಾರು ಒಂದೂವರೆ ಕೆಜಿ ಅಂದ್ಕೋ, ಮಿರರಿನ ಸಣ್ಣ ಅಂಚಿನ ಮೇಲೆ ಕೂರುತ್ತೆ. ಪಕ್ಕದ ಗಾಡಿ ತೆಗೆಯೋರ ಕೈ ತಾಗಿದ್ರೆ ಅಲ್ಲೇ ಒತ್ತುತ್ತೆ, ಅಲ್ಲೇ ಉಜ್ಜುತ್ತೆ. ದಿನಾ ಹೀಗೆ ಆದ್ರೆ ಒಳಗೆ ತಗ್ಗು ಬೀಳುತ್ತೆ, ಮೇಲಿನ ಬಟ್ಟೆ ನೋಡಿದ್ರೆ ಏನೂ ಗೊತ್ತಾಗಲ್ಲ. ಇಷ್ಟೆಲ್ಲಾ ಆಗಿ ಲಾಕ್ ಆದ್ರೂ ಆಯ್ತಾ? ಅದೂ ಇಲ್ಲ. ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದು. ಟ್ಯಾಂಕ್ ಮೇಲೆ, ಸೀಟ್ ಮೇಲೆ ಇಡೋದೂ ಅಷ್ಟೇ, ಉರುಳಿ ಬೀಳೋಕೆ ಒಂದು ಗಾಳಿ ಸಾಕು.

ಈಗ ನಿನ್ನ ಬೈಕಲ್ಲಿ ಏನಿದೆ ಅಂತ ಹುಡುಕೋಣ. ಬಹಳಷ್ಟು ಗಾಡಿಗಳಿಗೆ ಕಂಪನಿಯವರೇ ಹೆಲ್ಮೆಟ್ ಹುಕ್ ಕೊಟ್ಟಿರ್ತಾರೆ, ಓಡಿಸೋರಿಗೆ ಗೊತ್ತೇ ಇರಲ್ಲ. ಕೆಲವದ್ರಲ್ಲಿ ಎಡಗಡೆ, ಹಿಂದಿನ ಸೀಟ್ ಕೆಳಗೆ, ಸಣ್ಣದೊಂದು ಬೀಗದ ತೂತು ಇರುತ್ತೆ. ಗಾಡಿ ಕೀನೇ ಹಾಕಿ ತಿರುಗಿಸಿದ್ರೆ ಒಂದು ಕಡ್ಡಿ ಬಿಚ್ಚಿಕೊಳ್ಳುತ್ತೆ, ಅದಕ್ಕೆ ಹೆಲ್ಮೆಟ್ ರಿಂಗ್ ಸಿಕ್ಕಿಸಿ ಒಳಗೆ ಒತ್ತಿದ್ರೆ ಲಾಕ್. ಇನ್ನು ಕೆಲವದ್ರಲ್ಲಿ ಸೀಟ್ ಎತ್ತಬೇಕು. ಎತ್ತಿದ್ಮೇಲೆ ಫ್ರೇಮ್ ಅಂಚಲ್ಲೋ, ಸೀಟಿನ ತಳದಲ್ಲೋ ಬೆರಳ ತುದಿಯಷ್ಟು ಬಾಗಿದ ಕೊಕ್ಕೆ ಕಾಣುತ್ತೆ. ರಿಂಗನ್ನ ಅದಕ್ಕೆ ಹಾಕಿ, ಹೆಲ್ಮೆಟ್ ಹೊರಗೆ ನೇತಾಡೋ ಹಾಗೆ ಬಿಟ್ಟು, ಸೀಟ್ ಮುಚ್ಚಬೇಕು. ಸೀಟ್ ಲಾಕೇ ಹೆಲ್ಮೆಟ್ ಲಾಕ್ ಆಗುತ್ತೆ. ಟಕ್ ಅಂತ ಸದ್ದು ಬಂತಾ ಕೇಳ್ಕೋ, ಆಮೇಲೆ ಸೀಟನ್ನೂ ಒಂದ್ಸಲ ಎಳೆದು ನೋಡು, ಹೆಲ್ಮೆಟನ್ನೂ ಎಳೆದು ನೋಡು. ಎಷ್ಟೋ ಸಲ ಸ್ಟ್ರಾಪ್ ಮಧ್ಯ ಸಿಕ್ಕಿ ಸೀಟ್ ಪೂರ್ತಿ ಕೂತಿರಲ್ಲ.

ಇಲ್ಲಿ ಬಕಲ್ ಯಾವುದು ಅನ್ನೋದು ಮುಖ್ಯ. ನಿನ್ನ ಸ್ಟ್ರಾಪ್ ತುದಿಯಲ್ಲಿ ಎರಡು ಲೋಹದ ರಿಂಗ್ ಇದ್ರೆ ಅದು ಡಬಲ್ ಡಿ ರಿಂಗ್, ಹುಕ್‌ಗೆ ಹಾಕೋಕೆ ಹೇಳಿ ಮಾಡಿಸಿದ್ದು. ಹಲ್ಲು ಹಲ್ಲು ಇರೋ ಪಟ್ಟಿ ಕಟಕಟ ಅಂತ ಒಳಗೆ ಹೋಗೋ ಥರದ್ದಾದ್ರೆ, ಬಕಲ್ ಹತ್ರ ಸ್ಟ್ರಾಪ್‌ಗೇ ಹೊಲಿದ ಒಂದು ಚಿಕ್ಕ ಉಂಗುರ ಇದೆಯಾ ನೋಡು. ಕೆಲವು ಹೆಲ್ಮೆಟ್‌ಗೆ ಇರುತ್ತೆ, ಕೆಲವಕ್ಕೆ ಇರಲ್ಲ. ಇಲ್ಲ ಅಂದ್ರೆ ಜನ ಏನ್ಮಾಡ್ತಾರೆ, ಸ್ಟ್ರಾಪನ್ನ ಹಿಂದಿನ ಹಿಡಿಕೆಗೆ ಸುತ್ತಿ ಬಕಲ್ ಹಾಕಿ ಹೋಗ್ತಾರೆ. ಪುಟ್ಟಿ, ಅದು ಲಾಕ್ ಅಲ್ಲಮ್ಮ. ನೀನು ತೆಗೆಯೋ ಹಾಗೇ ಬೇರೆಯವರೂ ಒತ್ತಿ ತೆಗೀತಾರೆ, ಒಂದು ಸೆಕೆಂಡಿನ ಕೆಲಸ. ಗಾಳಿಗೆ ಬೀಳದೇ ಇರೋಕೆ ಸರಿ, ಅಷ್ಟೇ.

ಸರಿ, ರಿಂಗ್ ಇದೆ, ಹುಕ್ ಇದೆ, ಲಾಕ್ ಆಯ್ತು ಅಂತಲೇ ಇಟ್ಕೋ. ನಿನ್ನ ಫ್ರೆಂಡ್‌ದೂ ಹಾಗೇ ಇದ್ದಿರಬೇಕು. ಹೀಗೆ ಲಾಕ್ ಮಾಡಿದಾಗ ಹೆಲ್ಮೆಟನ್ನ ಹಿಡ್ಕೊಂಡಿರೋದು ಬರೀ ಬಟ್ಟೆ ಪಟ್ಟಿ. ಒಂದು ಹರಿತವಾದ ಕಟರ್ ಇದ್ರೆ ಮುಗೀತು. ಸ್ಟ್ರಾಪ್ ಇಲ್ಲದ ಹೆಲ್ಮೆಟ್ ಕದ್ದವರಿಗೂ ತಲೆ ಮೇಲೆ ನಿಲ್ಲಲ್ಲ, ಆದ್ರೆ ಅಷ್ಟೊತ್ತಿಗೆ ನಿನ್ನ ಹೆಲ್ಮೆಟ್ ಹೋಗಿರುತ್ತೆ. ಅದಕ್ಕೆ ನನ್ನ ಅಭಿಪ್ರಾಯ ಖಂಡಿತ ಇದೇ: ಫುಲ್ ಫೇಸ್ ಇದ್ರೆ ಸ್ಟ್ರಾಪ್ ಬಿಟ್ಟು ಚಿಪ್ಪನ್ನೇ ಲಾಕ್ ಮಾಡು. ಹೇಗೆ ಅಂದ್ರೆ, ಗದ್ದದ ಮುಂದೆ ಅಡ್ಡಕ್ಕೆ ಬರುತ್ತಲ್ಲ ಆ ಭಾಗ, ಚಿನ್ ಬಾರ್, ಅದರ ಮೇಲೆ ವೈಸರ್ ಕಿಂಡಿ, ಅಂದ್ರೆ ಮುಖದ ಮುಂದೆ ಎತ್ತಿ ಇಳಿಸೋ ಪಾರದರ್ಶಕ ಮುಚ್ಚಳದ ಜಾಗ, ಕೆಳಗೆ ಕತ್ತಿನ ತೂತು. ಉಕ್ಕಿನ ಕೇಬಲ್ಲನ್ನ ಕಿಂಡಿಯಿಂದ ಒಳಗೆ ಬಿಟ್ಟು ಕೆಳಗಿನಿಂದ ಹೊರಗೆ ತಗೊಂಡ್ರೆ ಚಿನ್ ಬಾರ್ ಸುತ್ತ ಕೇಬಲ್ ಬಂತು. ಈಗ ಹೆಲ್ಮೆಟ್ ತಗೋಬೇಕು ಅಂದ್ರೆ ಕೇಬಲ್ಲನ್ನೇ ಕತ್ತರಿಸಬೇಕು, ಇಲ್ಲಾ ಚಿಪ್ಪನ್ನೇ ಒಡೀಬೇಕು. ಒಡೆದ ಹೆಲ್ಮೆಟ್ ಕಳ್ಳನಿಗೂ ಬೇಡ. ಅದೇ ಕೇಬಲ್ಲನ್ನ ಡಿ ರಿಂಗ್ ಒಳಗೂ ತೂರಿಸಿಬಿಟ್ರೆ ಸ್ಟ್ರಾಪ್ ಕೂಡ ಅಲ್ಲಲ್ಲೇ ನೇತಾಡಲ್ಲ. ಕೇಬಲ್ ಹಾಕಿದ್ಮೇಲೆ ವೈಸರನ್ನ ಬಲವಂತವಾಗಿ ಕೆಳಗೆ ಒತ್ತಬೇಡ, ಕೇಬಲ್ ಮೇಲೆ ಎಷ್ಟು ಕೂರುತ್ತೋ ಅಷ್ಟು ಬಿಡು, ಇಲ್ಲಾಂದ್ರೆ ಅಂಚಲ್ಲಿ ಗೀರು ಬೀಳುತ್ತೆ, ಕೀಲಿನ ಮೇಲೂ ಭಾರ ಬೀಳುತ್ತೆ.

ಓಪನ್ ಫೇಸ್ ಹೆಲ್ಮೆಟ್ ಇರೋರಿಗೆ ಈ ಅನುಕೂಲ ಇಲ್ಲ, ಚಿನ್ ಬಾರೇ ಇಲ್ಲ, ಸ್ಟ್ರಾಪೇ ಗತಿ. ಅಂಥವರು ಡಿಕ್ಕಿಯಲ್ಲಿ ಹಾಕೋದೋ, ಕೈಯಲ್ಲಿ ಹಿಡ್ಕೊಂಡು ಹೋಗೋದೋ ವಾಸಿ. ಮುಂಭಾಗ ಎತ್ತೋ ಫ್ಲಿಪ್ ಹೆಲ್ಮೆಟ್‌ನಲ್ಲಿ ಚಿನ್ ಬಾರ್ ಕೆಳಗಿಳಿಸಿ, ಅದು ಕಚ್ಚಿದೆಯಾ ನೋಡ್ಕೊಂಡು, ಆಮೇಲೆ ಕೇಬಲ್ ಹಾಕ್ಬೇಕು. ಗುಂಡಿ ಒತ್ತಿದ್ರೆ ಬಾರ್ ಮೇಲೇಳುತ್ತೆ ನಿಜ, ಆದ್ರೂ ಎರಡೂ ಪಕ್ಕ ಕೀಲಿಗೆ ಸೇರಿರೋದ್ರಿಂದ ಕೇಬಲ್ ಬಿಚ್ಚಿಕೊಳ್ಳಲ್ಲ.

ಕೇಬಲ್ ಯಾವುದು ತಗೋಬೇಕು? ಟೇಪಿನ ಥರ ಎಳೆದು ಬಿಟ್ರೆ ಒಳಗೆ ಸುತ್ಕೊಳ್ಳೋ ತೆಳು ಕೇಬಲ್ ಲಾಕ್ ಬರುತ್ತೆ, ಜೇಬಲ್ಲಿ ಹಿಡಿಸುತ್ತೆ. 2 ಮಿಲಿಮೀಟರ್ ತಂತಿ ಅದು, ಕೈ ಕಟರ್‌ಗೆ ತಡೆಯಲ್ಲ. ಕಣ್ಣಳತೆಯಲ್ಲೇ ಗಾಡಿ ನಿಲ್ಲಿಸಿ ಐದು ನಿಮಿಷ ಅಂಗಡಿಗೆ ಹೋಗೋಕೆ ಸಾಕು, ಇಡೀ ದಿನಕ್ಕೆ ಅಲ್ಲ. ನಿನಗೆ 8 ಮಿಲಿಮೀಟರ್ ಆಸುಪಾಸಿಂದು, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರೋದು, ಒಂದು ಮೀಟರ್‌ಗಿಂತ ಸ್ವಲ್ಪ ಉದ್ದದ್ದು ಇದ್ರೆ ಚೆನ್ನ. ಹೊದಿಕೆ ಇಲ್ಲದ ಕೇಬಲ್ ಟ್ಯಾಂಕ್ ಪೇಂಟನ್ನೂ ಗೀರುತ್ತೆ, ಹೆಲ್ಮೆಟನ್ನೂ ಗೀರುತ್ತೆ. ದಪ್ಪ ಕೇಬಲ್ಲಾದ್ರೂ ದೊಡ್ಡ ಬೋಲ್ಟ್ ಕಟರ್ ತಂದವರನ್ನ ತಡೆಯಲ್ಲ, ಅದು ಗೊತ್ತಿರಲಿ. ಆದ್ರೆ ಹೆಲ್ಮೆಟ್ ಕದಿಯೋರು ಹೆಚ್ಚಾಗಿ ಹೋಗ್ತಾ ಹೋಗ್ತಾ ಕೈಗೆ ಸಿಕ್ಕಿದ್ದನ್ನ ಎತ್ತೋರು. ಎರಡು ನಿಮಿಷ ನಿಂತು ಕೆಲಸ ಮಾಡ್ಬೇಕು ಅಂದ್ರೆ ಪಕ್ಕದ ಗಾಡಿ ನೋಡ್ತಾರೆ.

ನಂಬರ್ ಲಾಕ್ ತಗೊಂಡ್ರೆ ನಾಲ್ಕು ಅಂಕಿದೇ ತಗೋ. ಮೂರು ಅಂಕಿ ಅಂದ್ರೆ 1000 ಜೋಡಣೆ, ಒಂದೊಂದಕ್ಕೆ ಒಂದು ಸೆಕೆಂಡ್ ಹಿಡಿದ್ರೂ ಹದಿನೇಳು ನಿಮಿಷದಲ್ಲಿ ಎಲ್ಲಾ ತಿರುಗಿಸಿ ಮುಗಿಸ್ಬಹುದು. ನಾಲ್ಕಕ್ಕೆ 10000, ಎರಡೂ ಮುಕ್ಕಾಲು ಗಂಟೆ. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ, ಲಾಕ್ ಮಾಡಿ ಹೋಗೋವಾಗ ಎಲ್ಲಾ ಚಕ್ರಗಳನ್ನೂ ತಿರುಗಿಸಿ ಹೋಗ್ಬೇಕು. ತುಂಬಾ ಜನ ಕೊನೇ ಅಂಕಿ ಒಂದನ್ನೇ ಸರಿಸಿ ಹೋಗ್ತಾರೆ, ಆಗ ಹತ್ತು ಸಲ ತಿರುಗಿಸಿದ್ರೆ ತೆರೆದುಕೊಳ್ಳುತ್ತೆ.

ಕೇಬಲ್ಲಿನ ಇನ್ನೊಂದು ತುದಿ ಬೈಕಲ್ಲಿ ಎಲ್ಲಿಗೆ ಅನ್ನೋದನ್ನ ಯಾರೂ ಯೋಚಿಸಲ್ಲ. ಹ್ಯಾಂಡಲ್‌ಗೆ ಹಾಕಿದ್ರೆ ಉಂಗುರ ಸಡಿಲ ಇದ್ದಾಗ ಗ್ರಿಪ್ ದಾಟಿಸಿ ಈಚೆ ತೆಗೀಬಹುದು. ಫುಟ್‌ರೆಸ್ಟ್‌ಗೂ ತುದಿ ತೆರೆದಿರುತ್ತೆ. ಎರಡೂ ಕಡೆ ಗಾಡಿಗೆ ಸೇರಿಕೊಂಡು ಮುಚ್ಚಿದ ಸುತ್ತು ಆಗಿರೋ ಜಾಗ ಬೇಕು. ಫ್ರೇಮ್ ಕೊಳವೆ, ಇಲ್ಲಾ ಹಿಂದಿನ ಗ್ರ್ಯಾಬ್ ರೈಲ್, ಇಲ್ಲಾ ಮುಂದಿನ ಕ್ರ್ಯಾಶ್ ಗಾರ್ಡ್. ಚಕ್ರಕ್ಕೆ ಮಾತ್ರ ಬೇಡ. ಅವಸರದಲ್ಲಿ ಮರೆತು ಗಾಡಿ ಎಳೆದುಬಿಟ್ರೆ ಕೇಬಲ್ ಸುತ್ಕೊಂಡು ಹೆಲ್ಮೆಟ್ ಚಕ್ರಕ್ಕೆ ಬಡಿಯುತ್ತೆ, ನೀನೂ ಬೀಳ್ತೀಯ. ಇದೇ ಕಾರಣಕ್ಕೆ ಇನ್ನೊಂದು ಮಾತು, ಹುಕ್‌ನಲ್ಲಿ ಹೆಲ್ಮೆಟ್ ನೇತಾಡಿಸಿಕೊಂಡು ಯಾವತ್ತೂ ಓಡಿಸಬಾರದು. ಹೋಂಡಾ ಮ್ಯಾನುಯಲ್‌ಗಳಲ್ಲೇ ಬರೆದಿರ್ತಾರೆ, ಹೆಲ್ಮೆಟ್ ಹೋಲ್ಡರ್ ಇರೋದು ಗಾಡಿ ನಿಂತಾಗ ಮಾತ್ರ ಅಂತ. ಹಿಂದೆ ಕೂರೋರಿಗೆ ಅಂತ ಎರಡನೇ ಹೆಲ್ಮೆಟನ್ನ ಹಾಗೇ ನೇತಾಕ್ಕೊಂಡು ಹೋಗೋರನ್ನ ದಿನಾ ನೋಡ್ತೀನಿ, ಎದೆ ಝಲ್ ಅನ್ನುತ್ತೆ. ಅದು ಹಿಂದಿನ ಚಕ್ರದ ಪಕ್ಕದಲ್ಲೇ ಅಲ್ಲಾಡ್ತಿರುತ್ತೆ.

ನೇತಾಕೋವಾಗ ಸೈಲೆನ್ಸರ್ ಯಾವ ಕಡೆ ಇದೆ ನೋಡ್ಕೋ. ಗಾಡಿ ನಿಲ್ಲಿಸಿ ತುಂಬಾ ಹೊತ್ತಾದ್ರೂ ಅದರ ಬಿಸಿ ಆರಿರಲ್ಲ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ ಮೆತ್ತಗಾಗುತ್ತೆ, ಚಿಪ್ಪೂ ವೈಸರೂ ಪ್ಲಾಸ್ಟಿಕ್ಕಾದ್ರೆ ಅವೂ ಬಿಸಿಗೆ ಹಾಳಾಗುತ್ತವೆ. ಪೆಟ್ರೋಲ್ ಹನಿಯೂ ತಾಗಬಾರದು. ಇನ್ನು ಮಳೆ. ರಿಂಗ್‌ನಲ್ಲಿ ನೇತಾಡೋ ಹೆಲ್ಮೆಟ್ ಬಾಯಿ ಮೇಲೆ ಮಾಡ್ಕೊಂಡು ಬಟ್ಟಲಿನ ಹಾಗೆ ನೀರು ತುಂಬಿಸ್ಕೊಳ್ಳುತ್ತೆ. ಜೊತೆಗೆ ಬರೋ ಬಟ್ಟೆ ಚೀಲ ನೀರು ತಡೆಯಲ್ಲ. ಒಂದು ದಪ್ಪ ಪ್ಲಾಸ್ಟಿಕ್ ಚೀಲ ಸೀಟ್ ಕೆಳಗೆ ಮಡಚಿ ಇಟ್ಟಿರು, ಹೊದಿಸಿ ಕಟ್ಟು. ಚೀಲ ಹಾಕಿದ್ರೆ ದೂಳು, ಹಕ್ಕಿ ಹಿಕ್ಕೆ ಇದ್ಯಾವುದೂ ಇಲ್ಲ, ಒಳಗಿರೋದು ಎಂಥಾ ಹೆಲ್ಮೆಟ್ ಅಂತ ಹೋಗೋ ಬರೋರಿಗೂ ಕಾಣಲ್ಲ. ಬ್ಲೂಟೂತ್ ಯೂನಿಟ್ ಸಿಕ್ಕಿಸಿದ್ರೆ ಅದನ್ನ ಮಾತ್ರ ಬಿಚ್ಚಿ ಜೇಬಿಗೆ ಹಾಕ್ಕೋ. ಬರೀ ಅದಕ್ಕೇ ಕೈ ಹಾಕೋರಿದ್ದಾರೆ.

ಸ್ಕೂಟರ್ ಇರೋರು, ಸೀಟ್ ಕೆಳಗಿನ ಡಿಕ್ಕಿಯಲ್ಲಿ ಹಿಡಿಸಿದ್ರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಆದ್ರೆ ಹಿಡಿಸದೇ ಇದ್ರೆ ಸೀಟ್ ಮೇಲೆ ಕೂತು ಒತ್ತಿ ಮುಚ್ಚಬೇಡಿ. ಹಿಂದೆ ಬಾಕ್ಸ್ ಹಾಕಿಸೋ ಯೋಚನೆ ಇದ್ರೆ ಲೀಟರ್ ಲೆಕ್ಕ ನಂಬಬೇಡಿ, ನಿಮ್ಮ ಹೆಲ್ಮೆಟನ್ನೇ ತಗೊಂಡು ಹೋಗಿ ಒಳಗಿಟ್ಟು ಮುಚ್ಚಳ ಹಾಕಿ ನೋಡಿ. ಲೀಟರ್ ಅಷ್ಟೇ ಇದ್ರೂ ಎತ್ತರ ಸಾಲದ ಬಾಕ್ಸ್ ಇರುತ್ತೆ.

ಚಿಕ್ಕಮ್ಮ, ಈಗ ನೀವು ಹೇಳಿದ ಹೊಲಿಗೆ ವಿಷಯ. ಬಿದ್ದಾಗ ಹೆಲ್ಮೆಟನ್ನ ತಲೆ ಮೇಲೆ ಹಿಡ್ಕೊಳ್ಳೋದು ಆ ಸ್ಟ್ರಾಪ್ ಒಂದೇ. ಮೊದಲ ಏಟಿಗೆ ಅದು ಕಿತ್ತು ಬಂದ್ರೆ ಹೆಲ್ಮೆಟ್ ಹಾರಿಹೋಗುತ್ತೆ, ಎರಡನೇ ಏಟು ಬರೀ ತಲೆಗೆ. ಕುಯ್ದ ನೂಲಿನ ಪಟ್ಟಿಯನ್ನ ಮೇಲಿಂದ ಹೊಲಿದ್ರೆ ನೋಡೋಕೆ ಸರಿ ಹೋದ ಹಾಗೆ ಕಾಣುತ್ತೆ, ಆದ್ರೆ ಎಷ್ಟು ಎಳೆತ ತಡೆಯುತ್ತೆ ಅಂತ ಯಾರೂ ಪರೀಕ್ಷೆ ಮಾಡಿರಲ್ಲ. ಆ ಹುಡುಗಿಗೆ ದಯವಿಟ್ಟು ಹೇಳು ಪುಟ್ಟಿ, ಅದನ್ನ ಹಾಕ್ಕೊಂಡು ಓಡಿಸೋದು ಇವತ್ತೇ ನಿಲ್ಲಿಸಲಿ. ಕಂಪನಿಯವರು ಸ್ಟ್ರಾಪ್ ಬದಲಾಯಿಸಿ ಕೊಡ್ತಾರಾ ಅಂತ ಅವರನ್ನೇ ಕೇಳಲಿ, ಇಲ್ಲ ಅಂದ್ರೆ ಹೊಸ ಹೆಲ್ಮೆಟ್ಟೇ ಸರಿ. ನೀನೂ ಪ್ರತಿ ಸಲ ಬೈಕ್ ಹತ್ರ ಬಂದಾಗ ಸ್ಟ್ರಾಪ್ ಎರಡೂ ಬದಿ ಬೆರಳಲ್ಲಿ ಉದ್ದಕ್ಕೂ ಸವರಿ ನೋಡು. ಅಂಚಲ್ಲಿ ಸಣ್ಣ ಕಚ್ಚು ಬಿದ್ದಿದ್ರೂ ಬೆರಳಿಗೆ ಗೊತ್ತಾಗುತ್ತೆ. ಒಳಗೂ ಒಂದ್ಸಲ ಇಣುಕಿ, ತಲೆಕೆಳಗು ಮಾಡಿ ಕೊಡವು. ಮರದ ಕೆಳಗೆ ನಿಲ್ಲಿಸಿದ ಹೆಲ್ಮೆಟ್ ಒಳಗೆ ಜೇಡ ಇರುತ್ತೆ, ಕಣಜ ಇರುತ್ತೆ. ಓಡಿಸೋವಾಗ ಕಿವಿ ಹತ್ರ ಅದು ಕಚ್ಚಿದ್ರೆ ಗಾಡಿ ಕೈ ತಪ್ಪುತ್ತೆ.

ಈಗ ಒಂದು ಕೆಲಸ ಮಾಡು. ಸೀಟ್ ಎತ್ತಿ ಒಳಗಿನ ಫೋಟೊ, ಎಡಗಡೆ ಸೀಟ್ ಕೆಳಗಿನ ಫೋಟೊ, ನಿನ್ನ ಬಕಲ್‌ದು ಹತ್ರದಿಂದ ಒಂದು, ಮೂರೂ ಇಲ್ಲಿ ಹಾಕು. ಹುಕ್ ಎಲ್ಲಿದೆ ಅಂತ ಗುರುತು ಮಾಡಿ ಕಳಿಸ್ತೀನಿ. ಟೂಲ್ ಕಿಟ್ ಚೀಲಾನೂ ಬಿಚ್ಚಿ ನೋಡು, ಎರಡೂ ತುದಿಗೆ ಕುಣಿಕೆ ಇರೋ ಗೇಣುದ್ದದ ಉಕ್ಕಿನ ತಂತಿ ಕೆಲವು ಬೈಕ್‌ಗಳ ಜೊತೆ ಕೊಟ್ಟಿರ್ತಾರೆ. ಅದು ಇದ್ರೆ ಚಿನ್ ಬಾರ್ ಒಳಗೆ ತೂರಿಸಿ ಎರಡೂ ಕುಣಿಕೆ ಸೀಟ್ ಕೆಳಗಿನ ಹುಕ್‌ಗೆ ಹಾಕಿದ್ರಾಯ್ತು, ಬೇರೆ ಕೇಬಲ್ ಕೊಳ್ಳೋದೇ ಬೇಡ.