ಕಾವಿ ಬಣ್ಣ ಅಂದ್ರೆ ನಿಮ್ಮ ಕಡೆ ಯಾವ ಬಣ್ಣ? ಜೊತೆಗೆ ಜಾಜು, ಕೆಮ್ಮಣ್ಣು, ಕಾರಣೆ

ಎಲ್ರಿಗೂ ನಮಸ್ಕಾರ. ಚಿಕ್ಕಮಗಳೂರಿಂದ ಆಲ್ದೂರಿಗೆ ಹೋಗೋ ಕಡೆ ನಮ್ಮ ಮನೆ. ಮಳೆ ಹಿಡಿಯೋಕೆ ಮುಂಚೆ ಹೊರಗೋಡೆಗೆ ಸುಣ್ಣಬಣ್ಣ ಮಾಡ್ಸೋಣ ಅಂತ ಹೊರಟಿದೀವಿ (ಈಗ ಸುಣ್ಣ ಎಲ್ಲಿದೆ, ಎಲ್ಲಾ ಎಮಲ್ಷನ್ನೇ, ಆದ್ರೂ ಬಾಯಿಗೆ ಬರೋದು ಸುಣ್ಣಬಣ್ಣನೇ). ಗೋಡೆಗೆ ಕೆನೆಬಣ್ಣ ಅಂತ ಎಲ್ರೂ ಒಪ್ಪಿಯಾಯ್ತು, ತಕರಾರು ಇರೋದು ಕೆಳಗಿನ ಪಟ್ಟಿಗೆ, ನೆಲದಿಂದ ಎರಡು ಎರಡೂವರೆ ಅಡಿ ಎತ್ತರಕ್ಕೆ ಮನೆ ಸುತ್ತ ಗಾಢವಾಗಿ ಹೊಡೆಸ್ತಾರಲ್ಲ ಅದು. ಅಮ್ಮ ಕೊಪ್ಪದ ಕಡೆಯೋರು, ಅದಕ್ಕೆ ಕಾವಿ ಬಣ್ಣ ಹೊಡ್ಸು ಅಂದ್ರು. ಪೇಂಟರ್‌ಗೆ ಹಾಗೇ ಹೇಳಿದ್ರೆ ಅವ್ರು ಶೇಡ್ ಕಾರ್ಡ್ ಬಿಚ್ಚಿ ಬೆರಳಿಟ್ಟಿದ್ದು ಸ್ವಾಮಿಗಳು ಉಡೋ ಬಟ್ಟೆ ಬಣ್ಣದ ಮೇಲೆ, ಹೆಚ್ಚುಕಮ್ಮಿ ಕಿತ್ತಳೆ. "ಮನೆ ಕಟ್ಟಿಸಿದೀಯೋ ಮಠ ಕಟ್ಟಿಸಿದೀಯೋ" ಅಂತ ಅಮ್ಮ ರೇಗಿದ್ರು. ಅವ್ರ ಮನಸ್ಸಲ್ಲಿದ್ದಿದ್ದು ನಡುಮನೆ ನೆಲದ ಕೆಂಪು, ರೆಡ್ ಆಕ್ಸೈಡ್ ಹಾಕಿ ತಿಕ್ಕಿದ ನೆಲಕ್ಕೆ ಕಾವಿ ನೆಲ ಅಂತೀವಲ್ಲ ಆ ಕೆಂಪು.

ಯೋಚ್ನೆ ಮಾಡಿದ್ರೆ ಇಬ್ರೂ ಸರಿನೇ ಅನ್ಸುತ್ತೆ. ಕಾವಿ ಅನ್ನೋದು ಮೊದಲಿಗೆ ಮಣ್ಣಿನ ಹೆಸರು, ಬಣ್ಣದ ಹೆಸರಾಗಿದ್ದು ಆಮೇಲೆ. ಕಬ್ಬಿಣದ ಅಂಶ ಇರೋ ಕೆಂಪು ಮಣ್ಣು ಅಥವಾ ಮೆತ್ತನೆ ಕಲ್ಲು, ಸಂಸ್ಕೃತದಲ್ಲಿ ಗೈರಿಕ, ಹಿಂದಿಯೋರು ಗೇರು ಅಂತಾರೆ. ಅದನ್ನ ನೀರಲ್ಲಿ ಕದಡಿ ಬಿಳಿ ಪಂಚೆ ಅದ್ದಿ ತೆಗೆದ್ರೆ ತೆಳ್ಳಗೆ ಹಿಡಿದು ಕಿತ್ತಳೆ ಬೆರೆತ ನಸುಗೆಂಪು ಬರುತ್ತೆ, ಅದನ್ನೇ ಗಟ್ಟಿಯಾಗಿ ಕಲಸಿ ಗೋಡೆಗೆ ಬಳಿದ್ರೆ ಇಟ್ಟಿಗೆಗಿಂತ ಒಂದು ಕೈ ಮೇಲಿನ ಕೆಂಪು. ಮಣ್ಣು ಒಂದೇ, ದಪ್ಪ ಬೇರೆ. ಉತ್ತರ ಕನ್ನಡ ಗೋವಾ ಕಡೆ ದೇವಸ್ಥಾನಗಳಲ್ಲಿ ಕಾವಿ ಕಲೆ ಅಂತ ಇದೆ ನೋಡಿ, ಬಿಳಿ ಸುಣ್ಣದ ಗಾರೆ ಮೇಲೆ ಈ ಕೆಂಪು ಪದರ ಕೊಟ್ಟು ಹಸಿ ಇರೋವಾಗ್ಲೇ ಕೆರೆದು ಚಿತ್ರ ಬಿಡಿಸ್ತಾರೆ, ಅದನ್ನ ನೋಡಿದ ಯಾರೂ ಕಿತ್ತಳೆ ಅನ್ನಲ್ಲ. ತಮಿಳಲ್ಲೂ ಕಾವಿ ಅಂದ್ರೆ ಮಣ್ಣೂ ಹೌದು ಸನ್ಯಾಸಿ ಬಟ್ಟೆ ಬಣ್ಣನೂ ಹೌದು. ನಮ್ಮಲ್ಲಿ ಪೇಪರ್‌ನೋರು ಖಾದಿ ಖಾಕಿ ಕಾವಿ ಅಂತ ಪ್ರಾಸ ಕಟ್ಟಿ ಕಟ್ಟಿ ಬಟ್ಟೆಯ ಅರ್ಥನೇ ಗಟ್ಟಿಯಾಗಿದೆ, ಮಣ್ಣಿನ ಅರ್ಥ ಮಲೆನಾಡು ಕರಾವಳಿ ಮನೆಗಳ ನೆಲದಲ್ಲಿ ಮಾತ್ರ ಉಳ್ಕೊಂಡಿದೆ ಅಂತ ನನ್ನ ಅನಿಸಿಕೆ. ಇನ್ನು ಕೆಲವರಂತೂ ಕೇಸರಿನೂ ಕಾವಿನೂ ಒಂದೇ ಅಂತ ಬಳಸ್ತಾರೆ, ಅದು ನನಗೆ ಸುತರಾಂ ಹಿಡಿಸಲ್ಲ, ಒಂದು ಹೂವಿಂದ ಬಂದ ಹೆಸರು ಇನ್ನೊಂದು ಮಣ್ಣಿಂದ ಬಂದಿದ್ದು.

ಇಲ್ಲಿಗೆ ಮುಗೀತು ಅನ್ನೋ ಅಷ್ಟರಲ್ಲಿ ಅರಸೀಕೆರೆ ಕಡೆಯ ನಮ್ಮ ಅತ್ತೆ ಫೋನಲ್ಲಿ "ಜಾಜು ಹೊಡೆಸ್ರಿ, ನೀಟಾಗ್ ಕಾಣ್ತದೆ" ಅಂದ್ರು. ಅವ್ರ ಊರಲ್ಲಿ ದೇವಸ್ಥಾನದ ಗೋಡೆಗೆ ಒಂದು ಬಿಳಿ ಒಂದು ಕೆಂಪು ಉದ್ದ ಪಟ್ಟೆ ಎಳೀತಾರೆ, ಅದು ಸುಣ್ಣ ಜಾಜು. ತೆಲುಗಲ್ಲೂ ಜಾಜು ಇದೆ. ಅಮ್ಮನಿಗೆ ಜಾಜು ಅನ್ನೋ ಪದ ಕೇಳಿ ಗೊತ್ತು ಆದ್ರೆ ಬಾಯಲ್ಲಿ ಬರಲ್ಲ, ಅತ್ತೆಗೆ ಕಾವಿ ಅಂದ್ರೆ ಸ್ವಾಮಿಗಳ ಬಟ್ಟೆ ಅಷ್ಟೇ. ಕೆಮ್ಮಣ್ಣು ಇಬ್ರಿಗೂ ಗೊತ್ತು, ಆದ್ರೆ ಅದು ರಸ್ತೆಗೆ ಹಾಕೋ ಮಣ್ಣಿಗೂ ಆಗುತ್ತೆ, ಹಸೆ ಚಿತ್ತಾರಕ್ಕೆ ಗೋಡೆಗೆ ಬಳಿಯೋ ಮಣ್ಣಿಗೂ ಆಗುತ್ತೆ, ಪೇಂಟ್ ಅಂಗಡೀಲಿ ಕೆಮ್ಮಣ್ಣು ಬಣ್ಣ ಕೊಡಿ ಅಂದ್ರೆ ಏನು ಕೊಡ್ತಾರೋ.

ಇನ್ನು ಆ ಪಟ್ಟಿಗೇ ಏನಂತೀರಾ? ಪೇಂಟರ್ ಬಾರ್ಡರ್ ಅಂತಾರೆ, ಇಂಜಿನಿಯರ್ ಪ್ಲಿಂತ್ ಅಂತಾರೆ (ಅದು ನಿಜವಾಗಿ ಅಡಿಪಾಯದ ಮೇಲಿನ ಭಾಗ, ಬಣ್ಣದ ಪಟ್ಟಿ ಅಲ್ಲ). ಹಳೇ ಕಾಲದೋರು ಹಬ್ಬದ ಹಿಂದಿನ ದಿನ ಸಾರಣೆ ಕಾರಣೆ ಆಯ್ತಾ ಅಂತ ಕೇಳ್ತಿದ್ರು, ಸಾರಣೆ ಸಗಣಿ ಸಾರಿಸೋದು ಅಂತ ಎಲ್ರಿಗೂ ಗೊತ್ತು, ಕಾರಣೆ ಅಂದ್ರೆ ಗೋಡೆ ಬುಡಕ್ಕೆ ಕೆಮ್ಮಣ್ಣಲ್ಲಿ ಎಳೆಯೋ ಪಟ್ಟೆ ಅಂತ ನಾನು ತಿಳ್ಕೊಂಡಿರೋದು. ಇಷ್ಟು ಒಳ್ಳೆ ಪದ ಇರೋವಾಗ ಬಾರ್ಡರ್ ಯಾಕೆ ಅಂತ ನಾನು ಮನೇಲಿ ಕಾರಣೆ ಕಾರಣೆ ಅಂತಿದ್ರೆ ಮಗಳು "ಕಾರಣ ಏನು ಹೇಳಪ್ಪ" ಅಂತಾಳೆ.

ಅಂದಹಾಗೆ ಈ ಪಟ್ಟಿ ಬರೀ ಅಲಂಕಾರಕ್ಕಲ್ಲ. ನಮ್ಮಲ್ಲಿ ಮಳೆ ಹೊಡೆತಕ್ಕೆ ಅಂಗಳದ ಕೆಂಪು ಮಣ್ಣು ಸಿಡಿದು ಗೋಡೆ ಬುಡ ಪೂರ್ತಿ ಕೆಂಪಾಗುತ್ತೆ, ಕೆನೆಬಣ್ಣ ಕೆಳಗಿನವರೆಗೂ ತಂದ್ರೆ ಒಂದೇ ಮಳೆಗಾಲಕ್ಕೆ ಮುಗೀತು. ಮೊದಲೇ ಮಣ್ಣಿನ ಬಣ್ಣನೇ ಹೊಡೆಸಿಬಿಟ್ರೆ ಸಿಡಿದಿದ್ದು ಕಾಣಲ್ಲ. ಕಡೂರು ಬಯಲಲ್ಲಿ ಇಷ್ಟು ತಲೆ ಕೆಡಿಸ್ಕೋಬೇಕಾಗಿಲ್ಲ. ಇನ್ನೊಂದು, ಕಬ್ಬಿಣದ ಆಕ್ಸೈಡ್ ಕೆಂಪು ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಜಗ್ಗಲ್ಲ, ಮಿಂಚೋ ಕೆಂಪು ಗುಲಾಬಿಗಳು ಬೇಗ ಮಂಕಾಗ್ತವೆ, ಹಾಗಾಗಿ ಅಮ್ಮನ ಕಾವಿಗೇ ನನ್ನ ಓಟು. ಪೇಂಟರ್‌ಗೆ ಹೆಸರಿನ ರಗಳೆನೇ ಬೇಡ ಅಂತ ಶೇಡ್ ನಂಬರ್ ಬರೆದು ಕೊಟ್ಟು, ಹಿಂದಿನ ಗೋಡೆ ಮೇಲೆ ಎರಡಡಿ ಅಗಲ ಹೊಡೆದು ತೋರಿಸಿ ಅಂದಿದೀನಿ, ಯಾಕಂದ್ರೆ ಕಾರ್ಡಿನ ಚೂರಲ್ಲಿ ಕಾಣೋ ಬಣ್ಣನೇ ಬೇರೆ ದೊಡ್ಡ ಗೋಡೆ ಮೇಲೆ ಬಿಸಿಲಿಗೆ ಕಾಣೋದೇ ಬೇರೆ, ಸಾಮಾನ್ಯವಾಗಿ ಇನ್ನೂ ತಿಳಿಯಾಗಿ ಎದ್ದು ಕಾಣುತ್ತೆ.

ಈಗ ಪ್ರಶ್ನೆ. ನಿಮ್ಮ ಕಡೆ ಕಾವಿ, ಜಾಜು, ಕೆಮ್ಮಣ್ಣು ಮೂರೂ ಬಳಕೇಲಿದ್ರೆ ಅವುಗಳ ಮಧ್ಯೆ ಬಣ್ಣದಲ್ಲಿ ವ್ಯತ್ಯಾಸ ಮಾಡ್ತೀರಾ, ಇಲ್ಲಾ ಒಂದೇ ವಸ್ತುವಿಗೆ ಊರೂರಿಗೆ ಒಂದೊಂದು ಹೆಸರಾ? ಕಾರಣೆ ಅನ್ನೋ ಪದ ಈಗಲೂ ಯಾರ ಮನೇಲಾದ್ರೂ ಓಡ್ತಿದೆಯಾ, ಓಡ್ತಿದ್ರೆ ಪಟ್ಟೆಗಾ ಪಟ್ಟೆ ಎಳೆಯೋ ಕೆಲಸಕ್ಕಾ? ಹಾಗೇ ತಿಳಿಹಳದಿ, ನಸುಹಳದಿ, ಎಳೆಹಳದಿ ಅಂತ ಮೂರು ಪದ ಇದಾವಲ್ಲ, ಇವು ಮೂರು ಬಣ್ಣನಾ ಒಂದೇನಾ ಅಂತ ನಮ್ಮನೇಲಿ ಇನ್ನೂ ತೀರ್ಮಾನ ಆಗಿಲ್ಲ. ಉತ್ತರ ಬರೆಯೋರು ದಯವಿಟ್ಟು ನಿಮ್ಮ ತಾಲ್ಲೂಕಿನ ಹೆಸರೂ ಹಾಕಿ, ಬರೀ "ನಮ್ಮ ಕಡೆ" ಅಂದ್ರೆ ಅದು ಸಕಲೇಶಪುರನೋ ಚನ್ನರಾಯಪಟ್ಟಣನೋ ಗೊತ್ತಾಗಲ್ಲ.