ಸಹಾಯ ಬೇಕು: ಕಾಗಕ್ಕ ಗುಬ್ಬಕ್ಕನ ಕಥೆ ನಿಮ್ಮ ಕಡೆ ಹೇಗೆ ಮುಗಿಯುತ್ತದೆ?

ಎಲ್ಲರಿಗೂ ನಮಸ್ಕಾರ. ರಾತ್ರಿ ಮಲಗುವಾಗ ಐದು ವರ್ಷದ ಮಗಳಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತೇನೆ. ನಮ್ಮ ಅತ್ತೆಯವರೂ ಅಷ್ಟೇ ಆಸೆಯಿಂದ ಕೇಳುತ್ತಾರೆ. ಮಳೆಗೆ ಸಗಣಿಯ ಮನೆ ಕರಗಿಹೋದ ಕಾಗಕ್ಕ ಕಲ್ಲಿನ ಮನೆಯ ಗುಬ್ಬಕ್ಕನ ಬಾಗಿಲು ತಟ್ಟುವುದು, ಒಳಗಿನಿಂದ ‘ತಾಳಕ್ಕ, ಮಗೂಗೆ ಎಣ್ಣೆ ಹಚ್ತಿದೀನಿ’, ‘ತಾಳಕ್ಕ, ನೀರು ಹಾಕ್ತಿದೀನಿ’, ‘ತಾಳಕ್ಕ, ತೊಟ್ಟಿಲು ತೂಗ್ತಿದೀನಿ’ ಎಂದು ಒಂದೊಂದೇ ಉತ್ತರ ಬರುವುದು ಇಬ್ಬರಿಗೂ ಅಚ್ಚುಮೆಚ್ಚು. ಕಥೆಯ ಜೀವ ಇರುವುದೇ ಅಲ್ಲಿ ಎಂದು ನನಗೂ ಅನ್ನಿಸುತ್ತದೆ.

ತೊಡಕಿರುವುದು ಕೊನೆಯಲ್ಲಿ. ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಂತೆ, ಒಳಗೆ ಬಂದ ಕಾಗಕ್ಕ ರಾತ್ರಿಯೆಲ್ಲ ಕಟುಂ ಕುಟುಂ ಎಂದು ಗಡಿಗೆಯ ಕಡಲೆಯನ್ನು ತಿಂದು ಮುಗಿಸುತ್ತಾಳೆ, ಬೆಳಿಗ್ಗೆ ಗುಬ್ಬಕ್ಕ ಕಾದ ಸೌಟಿನಿಂದ ಬರೆ ಹಾಕುತ್ತಾಳೆ. ಅಲ್ಲಿಗೆ ಬಂದೊಡನೆ ಮಗಳು ಅಳುತ್ತಾಳೆ, ನಿದ್ದೆ ಹಾರಿಹೋಗುತ್ತದೆ. ಬರೆಯ ಮಾತನ್ನು ಬಿಟ್ಟರೆ ‘ಆಮೇಲೆ?’ ಎಂದು ಎದ್ದು ಕೂರುತ್ತಾಳೆ. ಗುಬ್ಬಕ್ಕ ಮೊದಲ ಸಲಕ್ಕೇ ಬಾಗಿಲು ತೆರೆದಳೆಂದರೆ ಆ ಸೊಗಸಾದ ಮಾತುಕತೆಯೇ ಇಲ್ಲವಾಗುತ್ತದೆ. ಇಬ್ಬರೂ ಹಂಚಿಕೊಂಡು ತಿಂದರೆಂದು ಹೇಳಿದರೆ ಅತ್ತೆಯವರು ಸುತರಾಂ ಒಪ್ಪುವುದಿಲ್ಲ.

ಬಾಗಿಲು ತಟ್ಟುವ ಭಾಗ ಹಾಗೆಯೇ ಉಳಿದು, ಕಾಗಕ್ಕನಿಗೆ ನೋವಾಗದಂತೆ ಮುಗಿಯುವ ಕಥೆ ನಿಮ್ಮ ಹಿರಿಯರ ಬಾಯಲ್ಲಿ ಇದೆಯೇ? ಇದ್ದರೆ ಕೊನೆಯ ನಾಲ್ಕೈದು ಮಾತುಗಳನ್ನು ಅವರು ಹೇಳುವ ಧಾಟಿಯಲ್ಲೇ, ನಿಮ್ಮ ಜಿಲ್ಲೆಯ ಹೆಸರಿನೊಂದಿಗೆ ಬರೆದು ತಿಳಿಸುವಿರಾ?