ಸಹಾಯ ಬೇಕು: ಪೆಂಟಿಕಾಸ್ಟ್ ಕೋಟೆ ಎಲ್ಲಿತ್ತು?

ನಮಸ್ಕಾರ. ಇಂಗ್ಲೆಂಡಿನ ಹೆರೆಫರ್ಡ್ ಕಡೆ ಇರುವ ಕನ್ನಡಿಗರು ಯಾರಾದ್ರೂ ಇದ್ದೀರಾ?

1052ರಲ್ಲಿ ಗಡೀಪಾರಾಗಿದ್ದ ಇಂಗ್ಲಿಷ್ ಸರದಾರ ಅರ್ಲ್ ಗಾಡ್ವಿನ್ ವಾಪಸ್ ಬಂದಾಗ ಇಂಗ್ಲೆಂಡಿನಲ್ಲಿದ್ದ ನಾರ್ಮನ್ನರು (ಫ್ರಾನ್ಸಿನ ನಾರ್ಮಂಡಿಯವರು) ಕುದುರೆ ಹತ್ತಿ ಓಡಿದರು. ಕೆಲವರು ಪಶ್ಚಿಮಕ್ಕೆ, ಪೆಂಟಿಕಾಸ್ಟ್ ಕೋಟೆಗೆ ಹೋದರು ಎಂದು ಆ ಕಾಲದ ಇತಿಹಾಸ ದಾಖಲೆ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಹೇಳುತ್ತದೆ. ಅಷ್ಟೇ. ಜಾಗದ ಸುಳಿವಿಲ್ಲ! ಅದು ವೇಲ್ಸ್ ಗಡಿಯ ಯೂಯಸ್ ಹ್ಯಾರಲ್ಡ್ ಇರಬೇಕು ಅನ್ನುವವರೇ ಜಾಸ್ತಿ. ಅಲ್ಲಿ ಊರಿನ ಪಕ್ಕ ದೊಡ್ಡ ಮಣ್ಣಿನ ದಿಬ್ಬ ಇದೆ. 1086ರ ಭೂ ಸಮೀಕ್ಷೆಯ ದಾಖಲೆ ಡೂಮ್ಸ್‌ಡೇ ಬುಕ್ ಪ್ರಕಾರ ಯೂಯಸ್ ಕೋಟೆಯನ್ನು ಹೆರೆಫರ್ಡ್‌ನ ಅರ್ಲ್ ವಿಲಿಯಂ ಮತ್ತೆ ಭದ್ರಪಡಿಸಿದ್ದ. ಅಂದರೆ ಅವನಿಗಿಂತ ಮೊದಲೇ ಅಲ್ಲೊಂದು ಕೋಟೆ ಇತ್ತು. ಅದು ಈಗಿನ ದಿಬ್ಬದ ಒಳಗೇ ಹುದುಗಿದೆಯೋ, ಪಕ್ಕದಲ್ಲೆಲ್ಲೋ ಇತ್ತೋ? ನನ್ನ ತಲೆ ಕೊರೆಯುತ್ತಿರುವುದು ಇದೇ.

ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿಯ ಲೈಡಾರ್ ಡೇಟಾ (ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದದ್ದು) ಉಚಿತವಾಗಿ ಸಿಗುತ್ತದೆ, ಇಳಿಸಿಕೊಂಡಿದ್ದೇನೆ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಹಿಲ್‌ಶೇಡ್ (ಓರೆ ಬೆಳಕು ಬಿದ್ದಂತೆ ನೆರಳು ತೋರಿಸುವ ಚಿತ್ರ) ಮಾಡಿದರೆ ಮರಗಳ ಕೆಳಗಿನ ಕಂದಕವೂ ಕಾಣಬೇಕು. ನನಗೆ ಬರೀ ಬೂದು ಚೌಕ ಬರುತ್ತಿದೆ. ಬೆಳಕಿನ ಕೋನ ಎಷ್ಟಿಡಬೇಕು, ಬಲ್ಲವರು ಹೇಳಿ. ಅಲ್ಲಿಗೆ ಹೋಗಿ ಬಂದವರಿದ್ದರೆ, ದಿಬ್ಬದ ಹತ್ತಿರ ಬಿಡ್ತಾರಾ, ಜಮೀನಿನವರನ್ನು ಕೇಳಬೇಕಾ ಅಂತಲೂ ತಿಳಿಸಿ.

ಮೆಟಲ್ ಡಿಟೆಕ್ಟರ್ ಸಲಹೆ ಮಾತ್ರ ಬೇಡ. ಅದು ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಬಳಸಿದರೆ ಸುಮ್ನೆ ಕೇಸ್ ಬೀಳುತ್ತದೆ.